ಅಪ್ಪನ ಅಂಗಿಯ ಜಿಡ್ಡು

ಕಳೆದ ವಾರ ಡ್ರೈಕ್ಲೀನಿಂಗ್ ಅಂಗಡಿಯವನು ನನ್ನ ಸೀರೆಯ ಜೊತೆಗೆ ಒಂದು ಚೀಟಿಯನ್ನೂ ಕೊಟ್ಟ. ಹಳೆಯ ಎಣ್ಣೆ ಕಲೆಗೆ ಅಂಗಡಿ ಜವಾಬ್ದಾರಿಯಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸೀರೆ ಬಿಚ್ಚಿ ನೋಡಿದೆ. ಯಾವುದೋ ಮದುವೆ ಊಟದಲ್ಲಿ ಬದನೆಕಾಯಿ ಎಣಗಾಯಿ ಬಡಿಸುವವನ ಸೌಟಿನಿಂದ ತೊಟ್ಟಿಕ್ಕಿದ ಎಣ್ಣೆ ಇದ್ದಲ್ಲೇ ಇತ್ತು. ಅಂಗಡಿಯವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕಲೆ ಬಿದ್ದದ್ದನ್ನು ಗಮನಿಸದೆ ಸೀರೆಗೆ ಇಸ್ತ್ರಿ ಹೊಡೆದು, ಕಪಾಟಿನಲ್ಲಿಟ್ಟು ಆರು ತಿಂಗಳು ಮರೆತವಳು ನಾನೇ. ಬಿಸಿ ತಾಗಿದ ಎಣ್ಣೆ ಬಟ್ಟೆಯೊಳಗೆ ಇಳಿದು ಕೂತುಬಿಡುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ನಮ್ಮವ್ವನ ಹೊಟ್ಟೆಯಲ್ಲಿ ಹುಟ್ಟಿ ಅಷ್ಟೂ ತಿಳಿಯದಿದ್ದರೆ ಹೇಗೆ ಹೇಳಿ.

ಅವ್ವ ಜಿಡ್ಡು ತೆಗೆಯುವುದರಲ್ಲಿ ಒಂದು ಕಾಲಕ್ಕೆ ಗೋವೆಯ ಝುವಾರಿನಗರದಲ್ಲಿ ನಮ್ಮ ಮನೆಗಳ ಸಾಲಿಗೆಲ್ಲ ಹೆಸರಾದವಳು. ನನಗೆ ಅವಳ ಮೂಗು ಬಂದಿದೆ, ಸಿಟ್ಟು ಬಂದಿದೆ, ಈ ಒಂದು ವಿದ್ಯೆ ಮಾತ್ರ ಬರಲಿಲ್ಲ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುರುಕಿ ಗುಂಡಿ ಒತ್ತುವುದನ್ನೇ ಕೆಲಸವೆಂದು ತಿಳಿದಿರುವ ನನ್ನನ್ನು ನೋಡಿ ಅವಳು ಏನೂ ಹೇಳುವುದಿಲ್ಲ. ತೊಳೆದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ಸುಮ್ಮನೆ ನನ್ನ ಕೈಗೆ ಕೊಡುತ್ತಾಳೆ. ಬೈದಿದ್ದರೆ ವಾಸಿಯಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಾವು ಇಂಡಿ ಕಡೆಯ ಹಳ್ಳಿಯಿಂದ ಗೋವೆಗೆ ಬಂದೆವು. ನಾವು ಅಂದರೆ ಅಪ್ಪ, ಅವ್ವ ಮತ್ತು ನಾಲ್ಕೈದು ವರ್ಷದ ನಾನು. ಗುಡ್ಡದ ಇಳಿಜಾರಿನಲ್ಲಿ ತಗಡಿನ ಮಾಡಿನ ಒಂದು ಖೋಲಿ. ಅಕ್ಕಪಕ್ಕದಲ್ಲೆಲ್ಲ ನಮ್ಮ ಕಡೆಯವರೇ ಇದ್ದುದರಿಂದ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯುತ್ತಿತ್ತು. ಅಪ್ಪ ಮಲ್ಲಪ್ಪ ನದಿದಂಡೆಯ ಒಂದು ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದ. ಅದಿರು ಸಾಗಿಸುವ ಬಾರ್ಜು ದೋಣಿಗಳು ಕೆಟ್ಟರೆ ಅಲ್ಲಿ ದುರಸ್ತಿಯಾಗುತ್ತಿದ್ದವು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದೆ ‘ಝಾಡೂವಾಲಾ’ ಎಂದಿತ್ತು, ಅಂದರೆ ಕಸ ಗುಡಿಸುವವನು. ಮೊದಲ ವರ್ಷ ಅದು ನಿಜವೂ ಆಗಿತ್ತು. ಆದರೆ ಊರಲ್ಲಿ ಬಾವಿ ನೀರೆತ್ತುವ ಡೀಸೆಲ್ ಇಂಜಿನ್ನನ್ನು ಬಿಚ್ಚಿ ಜೋಡಿಸಿದ ಕೈ ಅದು. ಕಸಬರಿಗೆ ಹಿಡಿದುಕೊಂಡೇ ಬಾರ್ಜಿನ ಇಂಜಿನ್ ಕೋಣೆಗೆ ಇಳಿದ ಅಪ್ಪ ಎರಡನೆಯ ವರ್ಷಕ್ಕೆ ಕಸಬರಿಗೆ ಬಿಟ್ಟು ನಟ್ಟು ತಿರುವುವ ಪಾನಾ ಹಿಡಿದಿದ್ದ. ಪುಸ್ತಕದಲ್ಲಿ ಮಾತ್ರ ಅವನು ವರ್ಷಗಟ್ಟಲೆ ಕಸ ಗುಡಿಸುತ್ತಲೇ ಇದ್ದ.

ಅವನ ಕೈಕೆಳಗೆ ಕೆಲಸ ಕಲಿತವರು ಹುಸೇನಸಾಬ ಕಾಕಾ. ಬಾಗೇವಾಡಿ ಕಡೆಯವರು, ನಮ್ಮಿಂದ ಎರಡು ಖೋಲಿ ಆಚೆ ಇದ್ದರು. ಪುಸ್ತಕದಲ್ಲಿ ಅವರೂ ಝಾಡೂವಾಲಾ. ಇಬ್ಬರೂ ಸಂಜೆ ಒಟ್ಟಿಗೆ ದಿಣ್ಣೆ ಹತ್ತಿ ಬರುವಾಗ ಮೈಮೇಲಿನ ಅಂಗಿಯ ಬಣ್ಣ ಯಾವುದೆಂದು ಹೇಳಲು ಆಗುತ್ತಿರಲಿಲ್ಲ. ಗ್ರೀಸಿನ ಮೇಲೆ ಅದಿರಿನ ಕೆಂಪು ಧೂಳು ಕೂತು, ಅದರ ಮೇಲೆ ಬೆವರು ಹರಿದು, ಅಂಗಿ ಒಣಗಿದ ತೊಗಲಿನ ಹಾಗಿರುತ್ತಿತ್ತು.

ಅವ್ವನ ಪ್ರಕಾರ ಎಣ್ಣೆಗಳಿಗೂ ಒಂದೊಂದು ಸ್ವಭಾವವಿದೆ. ಒಗ್ಗರಣೆ ಎಣ್ಣೆ ದಾರಿಯಲ್ಲಿ ಹೋಗುತ್ತ ಒಳಗೆ ಬಂದ ನೆಂಟ, ಬಿಸಿನೀರು ತೋರಿಸಿದರೆ ಎದ್ದು ಹೊರಡುತ್ತದೆ. ತಲೆಗೆ ಹಚ್ಚುವ ಎಣ್ಣೆ ಎರಡು ದಿನ ಉಪಚಾರ ಮಾಡಿಸಿಕೊಂಡು ಹೋಗುತ್ತದೆ. ಯಂತ್ರದ ಎಣ್ಣೆ ಮಾತ್ರ ಗಂಟುಮೂಟೆ ಸಮೇತ ಬಂದದ್ದು. ಅದನ್ನು ಏಳಿಸಲು ಅವಳು ದಿನಾ ಸಂಜೆ ಕೂರುತ್ತಿದ್ದಳು. ಮೊದಲು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಅದ್ದಿದ ಅರಿವೆಯಿಂದ ಒತ್ತುವುದು, ಆಮೇಲೆ ಜೋಳದ ಹಿಟ್ಟು ಉದುರಿಸಿ ಜಿಡ್ಡು ಹೀರಿಸುವುದು, ಕೊನೆಗೆ ಅಂಟವಾಳಕಾಯಿ ನೀರು, ಸಾಬೂನು. ಜೋಳ ಊರಿನಿಂದ ಬರಬೇಕಿತ್ತು, ಗೋವೆಯಲ್ಲಿ ಎಲ್ಲೆಲ್ಲೂ ಅಕ್ಕಿ. ಜರಡಿಯಲ್ಲಿ ಉಳಿದ ತೌಡನ್ನು ಅವಳು ಅಂಗಿಗೆಂದೇ ಎತ್ತಿಡುತ್ತಿದ್ದಳು. ಅದು ಸಾಲದಿದ್ದರೆ ಡಬ್ಬಿಯ ಹಿಟ್ಟಿಗೇ ಕೈ ಹಾಕುತ್ತಿದ್ದಳು. ಹೀಗೆ ನಮ್ಮ ರೊಟ್ಟಿಯಲ್ಲಿ ಒಂದು ಪಾಲನ್ನು ಅಪ್ಪನ ಅಂಗಿ ತಿಂದಿದೆ.

ಒಗೆಯುವ ಕಲ್ಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಗೋವೆಯ ಕೆಂಪು ಕಲ್ಲು ಜರಡಿಯಂತೆ ತೂತುತೂತು, ಅದರ ಮೇಲೆ ಬಟ್ಟೆ ಕುಕ್ಕಿದರೆ ಜಿಡ್ಡಿಗಿಂತ ಮೊದಲು ಬಟ್ಟೆಯೇ ಹೋಗುತ್ತದೆ ಎಂದು ಅವ್ವನ ದೂರು. ಒಂದು ವರ್ಷ ಊರಿಗೆ ಹೋದವಳು ಬರುವಾಗ ನುಣ್ಣನೆಯ ಶಹಾಬಾದ ಫರಸಿ ಕಲ್ಲೊಂದನ್ನು ಕೌದಿಯಲ್ಲಿ ಸುತ್ತಿ, ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ, ವಾಸ್ಕೋ ತನಕ ಸೀಟಿನ ಕೆಳಗೆ ಇಟ್ಟುಕೊಂಡು ಬಂದಳು. ಲೋಂಡಾದಲ್ಲಿ ಟಿಕೆಟ್ ನೋಡುವವನು ಏನಿದು ಎಂದು ಕಾಲಿನಿಂದ ಸರಿಸಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ. ಇದು ದೇವರು ಎಂದು ಅವ್ವ ಹೇಳಿದಳಂತೆ. ಅವನು ಕೈ ಮುಗಿದು ಮುಂದೆ ಹೋದ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಕಲ್ಲು, ಹಿಟ್ಟು ಎಂದು ಸುತ್ತಿ ಬಳಸಿದ್ದು ಇದನ್ನು ಮುಂದೂಡಲಿಕ್ಕೇ ಇರಬೇಕು.

ನನ್ನ ಮರಾಠಿ ಶಾಲೆ ಅಪ್ಪ ಬಸ್ಸು ಹಿಡಿಯುವ ನಿಲ್ದಾಣದ ಪಕ್ಕದಲ್ಲಿತ್ತು. ಬೆಳಿಗ್ಗೆ ಅವನ ಕೈ ಹಿಡಿದು ದಿಣ್ಣೆ ಇಳಿಯುತ್ತಿದ್ದೆ. ಸಂಜೆ ಅವನ ಬಸ್ಸು ಬರುವ ಹೊತ್ತಿಗೆ ಅಲ್ಲೇ ಕಾದಿದ್ದು ಒಟ್ಟಿಗೆ ಮನೆಗೆ ಬರುತ್ತಿದ್ದೆ. ಐದನೇ ಇಯತ್ತೆಗೆ ಬಂದಾಗ ನನ್ನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಳ್ಳತೊಡಗಿದರು. ನಮ್ಮಂಥ ಘಟ್ಟದ ಆಚೆಯವರಿಗೆಲ್ಲ ಅಲ್ಲಿ ‘ಘಾಟಿ’ ಎಂದು ಹೆಸರು. ಆ ಹೆಸರು ನನಗೆ ಅಭ್ಯಾಸವಾಗಿತ್ತು. ಆದರೆ ಘಾಟಿಯ ಅಪ್ಪ ಚಿಮಣಿ ಎಣ್ಣೆ ನಾರುತ್ತಾನೆ, ಅವನನ್ನು ಮುಟ್ಟಿದ ಕೈಯಿಂದ ನಮ್ಮ ಪುಸ್ತಕ ಮುಟ್ಟಬೇಡ ಎಂದದ್ದು ಮೈಗೆ ಹತ್ತಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ, ಅಪ್ಪ ನನ್ನ ಜೊತೆ ಬರುವುದು ಬೇಡ ಎಂದು. ಖೋಲಿಯೊಳಗೆ ಊಟ ಮಾಡುತ್ತಿದ್ದ ಅಪ್ಪನಿಗೂ ಅದು ಕೇಳಿಸಿತು. ಮರುದಿನದಿಂದ ನಾನು ಹೊರಟು ಒಂದಿಷ್ಟು ದೂರ ಹೋದ ಮೇಲೆ ಅವನು ಹೊರಡತೊಡಗಿದ. ಸಂಜೆ ನಾನು ನಿಲ್ದಾಣದಲ್ಲಿ ಕಾಯುವುದನ್ನೂ ಬಿಟ್ಟೆ. ನನಗೆ ಸಮಾಧಾನವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಆದದ್ದು ಸಮಾಧಾನವೇ.

ಅವ್ವ ಮಾತ್ರ ಆವತ್ತಿನಿಂದ ಇನ್ನೂ ಜೋರಾಗಿ ತಿಕ್ಕತೊಡಗಿದಳು.

ಅಪ್ಪನಿಗೆ ಒಂದು ಬಿಳಿ ಅಂಗಿಯಿತ್ತು, ಮದುವೆಯಲ್ಲಿ ಬಂದದ್ದು. ಒಂದು ಭಾನುವಾರ ಅದನ್ನು ತೊಟ್ಟು ವಾಸ್ಕೋ ಪೇಟೆಗೆ ಹೊರಟವನನ್ನು ಯಾರ್ಡಿನವರು ದಾರಿಯಿಂದಲೇ ಕರೆದೊಯ್ದರು. ಅಂಗಿ ಕೆಡಬಾರದೆಂದು ಬಿಚ್ಚಿ ಯಾವುದೋ ಪಂಪಿನ ಹಿಡಿಗೆ ತೂಗುಹಾಕಿ ಕೆಲಸಕ್ಕಿಳಿದ. ಆ ಪಂಪು ಸೋರುತ್ತಿತ್ತು. ಅವ್ವನ ಹೆದರಿಕೆಗೆ ಅದನ್ನು ನಾಲ್ಕು ದಿನ ಬಚ್ಚಿಟ್ಟ. ಅವ್ವ ಕಂಡವಳೇ ತೊಳೆದಳು. ಒದ್ದೆಯಾಗಿದ್ದಾಗ ಕಲೆ ಕಾಣಲಿಲ್ಲ, ಹೋಯಿತೆಂದು ತಿಳಿದು ತಾಮ್ರದ ತಂಬಿಗೆಗೆ ಕೆಂಡ ತುಂಬಿ ಇಸ್ತ್ರಿ ಮಾಡಿದಳು. ಎದೆಯ ಮೇಲೆ, ಕಿಸೆಯ ಪಕ್ಕದಲ್ಲಿ, ಅಂಗೈ ಅಗಲದ ಕಂದು ಗುರುತು ಎದ್ದು ಬಂತು. ಆಮೇಲೆ ಏನು ಮಾಡಿದರೂ ಅದು ಹೋಗಲಿಲ್ಲ. ಅವಳು ಸೋತದ್ದು ಅದೊಂದಕ್ಕೇ. ಅಂಗಿಯನ್ನು ಟ್ರಂಕಿನ ತಳಕ್ಕೆ ಹಾಕಿದಳು, ಎರಡು ವರ್ಷ ಅದರ ಮಾತೆತ್ತಲಿಲ್ಲ.

ಹೀಗಿರುವಾಗ ಯಾರ್ಡಿನಿಂದ ಸುದ್ದಿ ಬಂತು. ಗುತ್ತಿಗೆಯವರಲ್ಲಿ ಯಾರು ಖರೇ ಮಶೀನಿನ ಮೇಲೆ ಕೆಲಸ ಮಾಡುತ್ತಾರೋ ಅವರನ್ನು ಖಾಯಂ ಮಾಡುತ್ತಾರಂತೆ, ಸೋಮವಾರ ದೊಡ್ಡ ಆಫೀಸಿನಿಂದ ಒಬ್ಬ ಸಾಹೇಬ ಬಂದು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಾನಂತೆ. ಖಾಯಂ ಎಂದರೇನೆಂದು ಆ ಸಾಲಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿತ್ತು. ನಾಳೆ ಬಾ, ನಾಳಿದ್ದು ಬರಬೇಡ ಎಂದು ಯಾರೂ ಹೇಳುವಂತಿಲ್ಲ. ಕಾಯಿಲೆ ಬಿದ್ದರೆ ದವಾಖಾನೆಯುಂಟು. ವಯಸ್ಸಾದ ಮೇಲೆ ಮೂಟೆ ಹೊರಬೇಕಿಲ್ಲ. ಅಪ್ಪ ಆ ನಾಲ್ಕು ದಿನ ಊಟ ಮಾಡುವಾಗಲೂ ತನ್ನಷ್ಟಕ್ಕೆ ಹಿಂದಿಯಲ್ಲಿ ಉತ್ತರ ಹೇಳಿಕೊಳ್ಳುತ್ತಿದ್ದ.

ಅವ್ವ ಟ್ರಂಕಿನ ತಳದಿಂದ ಆ ಬಿಳಿ ಅಂಗಿ ತೆಗೆದಳು. ನಮ್ಮ ಊರ ಕಡೆ ತಹಶೀಲ್ದಾರರ ಮುಂದೆ ನಿಲ್ಲಬೇಕಾದರೂ ಸಾವಕಾರರ ಮನೆಗೆ ಹೋಗಬೇಕಾದರೂ ತೊಳೆದ ಬಿಳಿ ಬಟ್ಟೆಯಲ್ಲೇ ಹೋಗುವುದು. ಅದು ಮಡಿಯಲ್ಲ, ಮರ್ಯಾದೆ. ದಿನದ ಅಂಗಿಯಲ್ಲೇ ಹೋಗುತ್ತೇನೆ ಎಂದು ಅಪ್ಪ ಮೆಲ್ಲಗೆ ಹೇಳಿ ನೋಡಿದ.

“ಸಾಹೇಬರ ಮುಂದ ಹೊಲಸ ಅಂಗಿ ಹಾಕ್ಕೊಂಡು ನಿಲ್ಲೂದಂದ್ರ ಅವರಿಗೆ ಬೈದಂಗ್ರಿ” ಎಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಶುರುಮಾಡಿದಳು. ಕಲೆಯ ಮೇಲೆ ಮೊದಲು ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದಳು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಎರಡು ವರ್ಷ ಒಣಗಿ ಕೂತದ್ದು ಮೊದಲು ಮೆತ್ತಗಾಗಬೇಕು, ಆಮೇಲಷ್ಟೇ ಅಲುಗುತ್ತದೆ ಎಂದಳು. ಮೆತ್ತಗಾದ ಮೇಲೆ ಅಂಗಿಯನ್ನು ತಿರುವಿ ಹಾಕಿ, ಕೆಳಗೆ ಹಳೆಯ ಅರಿವೆ ಹಾಸಿ, ಹಿಂದಿನಿಂದ ಚಿಮಣಿ ಎಣ್ಣೆ ಒತ್ತುತ್ತ ಹೋದಳು. ಕೆಳಗಿನ ಅರಿವೆ ಹಳದಿಯಾದಂತೆ ಅದನ್ನು ಸರಿಸುವುದು ನನ್ನ ಕೆಲಸ. ಆಮೇಲೆ ಒಂದು ಬೊಗಸೆ ಜೋಳದ ಹಿಟ್ಟು, ಅದರ ಮೇಲೆ ರುಬ್ಬುವ ಗುಂಡು. ಶನಿವಾರ ಆ ಹಿಟ್ಟು ಕೊಡವಿ ಹೊಸದು ಹಾಕಿದಳು, ಅಂಟವಾಳದ ನೀರಿನಲ್ಲಿ ನೆನೆಸಿದಳು, ಬೆರಳಿನಿಂದಲೇ ತಿಕ್ಕಿದಳು. ಬ್ರಷ್ಷು ಹಾಕಿದರೆ ನೂಲು ಏಳುತ್ತದೆಂದು ಬ್ರಷ್ಷು ಮುಟ್ಟಲಿಲ್ಲ. ಭಾನುವಾರ ಸೋಡಾ, ಸಾಬೂನು, ಬಿಸಿಲು. ಫರಸಿಯ ಮೇಲೆ ಹರಡಿ, ಒಣಗಲು ಬಿಡದೆ ನೀರು ಚಿಮುಕಿಸುತ್ತ ಮಧ್ಯಾಹ್ನವೆಲ್ಲ ಕೂತಳು. ನಾಲ್ಕು ಗಂಟೆಗೆ ಎತ್ತಿ ಬೆಳಕಿಗೆ ಹಿಡಿದು ನನ್ನನ್ನು ಕರೆದಳು. ನಾನು ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಎದೆಯ ಮೇಲೆ ಏನೂ ಇರಲಿಲ್ಲ. ಅವ್ವನ ಬೆರಳ ತುದಿಗಳು ಸುಲಿದು ಕೆಂಪಗಾಗಿದ್ದವು. ಅದೇ ಬೆರಳುಗಳಲ್ಲಿ ಅವಳು ಅಂಗಿಯನ್ನು ನೀಲಿಯಲ್ಲಿ ಅದ್ದಿ ತೆಗೆದಳು. ಇಸ್ತ್ರಿ ಮಾತ್ರ ಬೇಡವೆಂದು ಮಡಚಿ ಹಾಸಿಗೆಯ ಕೆಳಗಿಟ್ಟಳು. ಆಮೇಲೆ ಅಪ್ಪನನ್ನು ಕೂರಿಸಿ, ಬೂದಿ ಹುಣಿಸೆಹಣ್ಣು ಹಾಕಿ, ಅವನ ಅಂಗೈಯ ಗೆರೆಗಳನ್ನೂ ಉಗುರುಗಳನ್ನೂ ಒಂದೊಂದಾಗಿ ತೊಳೆದಳು. ಅಪ್ಪ ಕೂಸಿನ ಹಾಗೆ ಕೈಚಾಚಿ ಕೂತಿದ್ದ.

ಸೋಮವಾರ ಬೆಳಿಗ್ಗೆ ಅಪ್ಪ ಹಣೆಗೆ ವಿಭೂತಿ ಇಟ್ಟು, ಬಿಳಿ ಅಂಗಿ ತೊಟ್ಟು ಹೊರಗೆ ಬಂದಾಗ ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು. ನಮ್ಮ ಶಾಲೆಯ ಹೆಡ್‌ಮಾಸ್ತರರಂತೆ ಕಾಣುತ್ತಿದ್ದ. ನಾನು ಹೊರಟವಳು ನಿಂತೆ. ವಾಪಸು ಬಂದು ಅವನ ಕೈ ಹಿಡಿದೆ. ಎಷ್ಟೋ ತಿಂಗಳ ಮೇಲೆ ಹಿಡಿದದ್ದು. ಕೈಯಿಂದ ಹುಣಿಸೆಹಣ್ಣಿನ ವಾಸನೆ ಬರುತ್ತಿತ್ತು. ಹುಡುಗಿಯರು ನಿಲ್ಲುವ ಶಾಲೆಯ ಗೇಟಿನ ಮುಂದೆ ಬೇಕೆಂದೇ ನಿಧಾನವಾಗಿ ನಡೆದೆ. ಸಂಜೆ ಇಲ್ಲೇ ಕಾಯುತ್ತಿರುತ್ತೇನೆ ಎಂದು ಬಸ್ಸು ಹತ್ತುವಾಗ ಅವನಿಗೆ ಹೇಳಿದೆ.

ಸಂಜೆ ಅಪ್ಪ ಬಸ್ಸಿನಿಂದ ಇಳಿದ. ಅಂಗಿ ಬೆಳಿಗ್ಗೆ ಇದ್ದಷ್ಟೇ ಬೆಳ್ಳಗಿತ್ತು. ಒಂದು ಕಲೆಯೂ ಬಿದ್ದಿಲ್ಲವಲ್ಲ ಎಂದು ನಾನು ಕುಣಿದೆ.

“ಇಲ್ಲವ್ವ, ಹುಷಾರಿದ್ದೆ” ಎಂದ ಅಪ್ಪ.

ಕೈ ಹಿಡಿದುಕೊಂಡೇ ಮನೆಗೆ ಬಂದೆವು. ಮನೆಯಲ್ಲಿ ಅವ್ವನಿಗೆ ಹೇಳಿದ. ಪುಸ್ತಕದಲ್ಲಿ ಝಾಡೂವಾಲಾ ಎಂದೇ ಇದೆಯಲ್ಲ, ಹಾಗಾಗಿ ತನ್ನದು ಆಗಲಿಲ್ಲ, ಹುಸೇನನದಾಯಿತು ಎಂದ. ಅವ್ವ ಆ ಪುಸ್ತಕಕ್ಕೂ ಅದನ್ನು ಬರೆದವನಿಗೂ ಬಾಯಿಗೆ ಬಂದಷ್ಟು ಶಾಪ ಹಾಕಿದಳು. ಹುಸೇನಸಾಬ ಕಾಕಾ ಪೇಢೆ ತಂದು ಕೊಡಲು ಬಾಗಿಲಲ್ಲಿ ನಿಂತಾಗ ಅಪ್ಪನೇ ಎದ್ದು ಹೋಗಿ ಅವರ ಬೆನ್ನು ತಟ್ಟಿದ. ಕಾಕಾ ನೆಲ ನೋಡುತ್ತ ನಿಂತಿದ್ದರು. ಪುಸ್ತಕದಲ್ಲಿ ಅವರೂ ಝಾಡೂವಾಲಾ ಆಗಿದ್ದರಲ್ಲ ಎಂಬುದು ಆ ಗಲಾಟೆಯಲ್ಲಿ ನಮಗೆ ಯಾರಿಗೂ ಹೊಳೆಯಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಬಾರ್ಜುಗಳ ಕೆಲಸ ಇಳಿದ ವರ್ಷ ಯಾರ್ಡಿನವರು ಮೊದಲು ಕಳಿಸಿದ್ದು ಗುತ್ತಿಗೆಯವರನ್ನು. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ ಅಪ್ಪ ವಾಸ್ಕೋ ರೈಲ್ವೆ ಯಾರ್ಡಿನಲ್ಲಿ ಸಿಮೆಂಟು ಮೂಟೆ ಹೊತ್ತ. ಕೆಮ್ಮು ಹಿಡಿಯಿತು. ಅಂಗಿಯ ಮೇಲೆ ಆಗ ಜಿಡ್ಡು ಇರುತ್ತಿರಲಿಲ್ಲ, ಬೂದುಬಣ್ಣದ ಪುಡಿ ಇರುತ್ತಿತ್ತು, ಕೊಡವಿದರೆ ಹೋಗುವಂಥದ್ದು. ಅವ್ವನಿಗೆ ತಿಕ್ಕುವ ಕೆಲಸ ಉಳಿಯಲಿಲ್ಲ. ನಾನು ಓದಿ, ಮಡಗಾಂವ ಹತ್ತಿರ ಫಾತೋರ್ಡಾದಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪ ತೀರಿಕೊಂಡ. ಐವತ್ತು ದಾಟಿತ್ತು, ಅಷ್ಟೆ.

ಮೂರನೆಯ ದಿನ ಬೆಳಿಗ್ಗೆ ಹುಸೇನಸಾಬ ಕಾಕಾ ಬಂದರು. ಒಳಗೆ ಅವ್ವನ ಸುತ್ತ ಹೆಂಗಸರಿದ್ದರು. ಕಾಕಾ ಹೊರಗಿನ ಮೆಟ್ಟಿಲ ಮೇಲೆ ಕೂತರು, ನಾನೂ ಪಕ್ಕದಲ್ಲಿ ಕೂತೆ. ಒಂದು ಮಾತು ಹೇಳಬೇಕು ಶೋಭಾ, ಹತ್ತು ವರ್ಷದಿಂದ ಎದೆಯಲ್ಲಿ ಕೂತಿದೆ ಎಂದರು. ಆ ಸೋಮವಾರ ಅವರು ಸಾಲಿನಲ್ಲಿ ಅಪ್ಪನ ಹಿಂದೆಯೇ ನಿಂತಿದ್ದರಂತೆ. ಸಾಹೇಬನಿಗೆ ಪುರುಸೊತ್ತಿರಲಿಲ್ಲ. ಗುತ್ತಿಗೆದಾರನ ಪುಸ್ತಕ ಸುಳ್ಳಿರಬಹುದೆಂದು ಅವನಿಗೂ ಗೊತ್ತಿತ್ತು, ಹಾಗಾಗಿ ಎಲ್ಲರಿಗೂ ಕೈ ತೋರಿಸಲು ಹೇಳುತ್ತಿದ್ದ. ಕೈ ಕರ್ರಗಿದ್ದು ಅಂಗಿಗೆ ಗ್ರೀಸಿದ್ದರೆ ಪುಸ್ತಕ ಬದಿಗಿಟ್ಟು ಮಶೀನಿನವನೆಂದು ಬರೆದುಕೊಳ್ಳುತ್ತಿದ್ದ. ತಮಗಿಂತ ಮುಂದೆ ನಿಂತವರದು ಹಾಗೆ ಆಗುತ್ತಿರುವುದನ್ನು ಅಪ್ಪನೂ ಕಾಕಾನೂ ನಿಂತಲ್ಲಿಂದ ನೋಡುತ್ತಿದ್ದರು.

“ನಾ ಅಂದೆ, ಮಲ್ಲಣ್ಣ, ನನ್ನ ಕೈಯಾಗ ಗ್ರೀಸ್ ಐತಿ, ನಿನ್ನ ಎದಿಮ್ಯಾಲೆ ಒಂದ್ ಸಲ ಒರಸ್ತೇನಿ, ಕೈಗೂ ಹಚ್ಕೊ ಅಂತ.”

ಅಪ್ಪ ಏನೆಂದ ಎಂದು ಕೇಳಿದೆ. ಕಾಕಾ ನನ್ನ ಮುಖ ನೋಡಲಿಲ್ಲ.

“ಬ್ಯಾಡೋ ಹುಸೇನ, ನನ್ನ ಮಗಳು ಇವತ್ತ ನನ್ನ ಕೈ ಹಿಡಕೊಂಡು ಬಂದಾಳ, ಸಂಜೀಕ ಮತ್ತ ಬಸ್‌ಸ್ಟಾಪಿನ್ಯಾಗ ನಿಂತಿರ್ತಾಳ ಅಂದ. ಸಾಹೇಬ ಇಂಜಿನ್ನಿಂದು ಕೇಳಿದ್ರ ಬಾಯಿಲೆ ಎಲ್ಲಾ ಹೇಳ್ತೇನಿ ಅಂದ. ಸಾಹೇಬ ಏನೂ ಕೇಳಲೇ ಇಲ್ಲವ್ವ.”

ಅಪ್ಪನ ತೊಳೆದ ಅಂಗೈಯನ್ನೂ ಬಿಳಿ ಅಂಗಿಯನ್ನೂ ನೋಡಿದ ಸಾಹೇಬ, ಪುಸ್ತಕದಲ್ಲಿದ್ದದ್ದು ಸರಿಯೇ ಇದೆ ಎಂದುಕೊಂಡು ಮುಂದಿನವನನ್ನು ಕರೆದನಂತೆ. ಮುಂದಿನವರು ಕಾಕಾ. ಮಲ್ಲಣ್ಣ ಕಲಿಸಿದ ಕೆಲಸದ ಮೇಲೆ ತಾನು ಖಾಯಂ ಆದೆ ಎಂದರು. ನನ್ನಿಂದ ಅಳುವುದೂ ಆಗಲಿಲ್ಲ. ನನ್ನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ವೈನಿಗೆ, ಅಂದರೆ ಅವ್ವನಿಗೆ, ಇದನ್ನು ಹೇಳಬೇಡ ಎಂದು ಕೇಳಿಕೊಂಡು ಕಾಕಾ ಎದ್ದು ಹೋದರು.

ಹೇಳಿಲ್ಲ. ಅವ್ವನಿಗೆ ಓದು ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಓದಿದ ನೀವು ಅವಳಿಗೆ ಸಿಕ್ಕರೆ ದಯವಿಟ್ಟು ಸುಮ್ಮನಿರಿ.

ಆ ದಿನ ಹೆಂಗಸರೆಲ್ಲ ಎದ್ದು ಹೋದ ಮೇಲೆ ಒಂದು ಲೋಟ ಚಹಾ ಹಿಡಿದು ಒಳಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನದಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಹುಸೇನಣ್ಣ ಅಷ್ಟು ಹೊತ್ತು ಏನು ಹೇಳುತ್ತಿದ್ದ ಎಂದು ಕೇಳಿದಳು.

“ಆ ಸೋಮವಾರ ಸಾಹೇಬ ಬಂದಾಗ ಅಪ್ಪನ ಅಂಗಿ ಎಲ್ಲಾರಕಿಂತ ಬೆಳ್ಳಗಿತ್ತಂತವ್ವ” ಎಂದೆ.

ಅವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಮತ್ತ? ಮೂರು ದಿನ ತಿಕ್ಕೇನಿ” ಎಂದು ಹೇಳಿ, ಚಹಾದ ಲೋಟಕ್ಕೆ ಕೈ ಚಾಚಿದಳು.